ಕಲಬುರಗಿಯ ಗಡಿಗೆ, ಮಂಗಳೂರಿನ ಗಾಳಿ

ಅಮ್ಮ ಕಲಬುರಗಿಯಿಂದ ಕಳಿಸಿದ ಗಡಿಗೆ ಮಂಗಳೂರಿನ ನನ್ನ ಮನೆಯಲ್ಲಿ ನೀರನ್ನು ಹೆಸರಿಗಷ್ಟೇ ತಂಪು ಮಾಡುತ್ತದೆ. ಅದೇ ಕುಂಬಾರರು ಮಾಡಿದ ಇನ್ನೊಂದು ಗಡಿಗೆ ಊರಿನ ಪಡಸಾಲೆಯಲ್ಲಿದೆ. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲೂ ಅದರ ನೀರು ಕುಡಿದರೆ ಜೀವಕ್ಕೆ ಹಾಯೆನಿಸುತ್ತದೆ. ‘ನಿಮ್ಮ ಕಡೆ ನೀರೇ ಸರಿಯಿಲ್ಲ’ ಎನ್ನುತ್ತಾಳೆ ಅಮ್ಮ. ನೀರಿನದೂ ತಪ್ಪಲ್ಲ, ಮಣ್ಣಿನದೂ ಅಲ್ಲ. ತಂಪು ಮಾಡುವುದು ಗಾಳಿ.

ಸುಟ್ಟ ಜೇಡಿಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳಲ್ಲಿ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಾಖ ಸಾಕು. ಅದೇ ಒಂದು ಗ್ರಾಂ ಆವಿಯಾಗಲು ಸುಮಾರು 2,400 ಜೂಲ್ ಬೇಕು, ಅದರ ಬಹುಪಾಲು ಒಳಗಿನ ನೀರಿನಿಂದಲೇ ಬರುತ್ತದೆ. ಲೆಕ್ಕ ಹಾಕಿ ನೋಡಿ: 10 ಲೀಟರ್ ಗಡಿಗೆಯಿಂದ ಬರೀ 100 ಗ್ರಾಂ ಆವಿಯಾದರೆ, ಹೊರಗಿನ ಶಾಖ ಒಳಗೆ ಬಾರದಿದ್ದಲ್ಲಿ, ಉಳಿದ ನೀರು ಆರು ಡಿಗ್ರಿಯಷ್ಟು ಇಳಿಯಬೇಕು. ಅರ್ಧ ಲೋಟ ನೀರಿಗೆ ಇಷ್ಟು ಶಕ್ತಿ! ನನಗಂತೂ ಇದು ಇಂದಿಗೂ ಬೆರಗು.

ಆದರೆ ಈ ಇಳಿತಕ್ಕೊಂದು ಮಿತಿಯಿದೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ಉಷ್ಣತೆಯೇ ಆ ಮಿತಿ. 42 ಡಿಗ್ರಿ ಬಿಸಿಲಿದ್ದು ಗಾಳಿಯ ಆರ್ದ್ರತೆ ಶೇ 20 ಇದ್ದರೆ ಮಿತಿ 24 ಡಿಗ್ರಿಯ ಆಸುಪಾಸು. ಕರಾವಳಿಯ ಸೆಖೆಯಲ್ಲಿ, 34 ಡಿಗ್ರಿಗೆ ಶೇ 70 ಆರ್ದ್ರತೆ ಇದ್ದರೆ, ಅದು 29ರ ಹತ್ತಿರ. ಗಾಳಿಯಲ್ಲೇ ನೀರು ತುಂಬಿರುವಾಗ ಗಡಿಗೆಯ ನೀರಿಗೆ ಅಲ್ಲಿ ಜಾಗವೆಲ್ಲಿ? ಫ್ಯಾನ್ ಹಾಕಿದರೆ ಬೇಗ ತಣಿಯುತ್ತದೆ, ಆದರೆ ಆ ಮಿತಿಯ ಕೆಳಗೆ ಇಳಿಯುವುದಿಲ್ಲ.

ನನಗೆ ಸಂಕಟವಾಗುವುದು ಅಂಗಡಿಗಳಲ್ಲಿ ಸಾಲಾಗಿ ನಿಂತ, ಹೊರಗೆಲ್ಲ ಬಣ್ಣ ಬಳಿದು ವಾರ್ನಿಷ್ ಹಚ್ಚಿದ ಗಡಿಗೆಗಳನ್ನು ಕಂಡಾಗ. ರಂಧ್ರ ಮುಚ್ಚಿದ ಮೇಲೆ ಅದಕ್ಕೂ ಸ್ಟೀಲ್ ಪಾತ್ರೆಗೂ ಏನು ವ್ಯತ್ಯಾಸ? ದಯವಿಟ್ಟು ಬಣ್ಣವಿಲ್ಲದ್ದನ್ನೇ ಕೊಳ್ಳಿ. ಅಡುಗೆಮನೆಯ ಮೂಲೆಗೆ ತಳ್ಳದೆ, ನೆರಳಿದ್ದು ಗಾಳಿಯಾಡುವ ಕಿಟಕಿಯ ಬಳಿ ಇಡಿ. ಗಡಸು ನೀರಿನ ಊರಾದರೆ ಲವಣ ಕಟ್ಟಿ ರಂಧ್ರಗಳು ಮುಚ್ಚುತ್ತವೆ; ಆಗಾಗ ತೆಂಗಿನ ನಾರಿನಿಂದ ಹೊರಮೈ ಉಜ್ಜಿ, ಸೋಪು ಮಾತ್ರ ಬೇಡ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ.

ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುವ ದಿನಗಳಲ್ಲಿ ಮಂಗಳೂರಿನಲ್ಲೂ ಇದೇ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.