ಗ್ರೀಕ್ ಮೆನು, ಅಮ್ಮನ ಊಟ, ಕೈಯಲ್ಲೊಂದು ಫೋನು

ಅಮ್ಮನ ಜೊತೆ ಗ್ರೀಸ್‌ಗೆ ಹೊರಟಾಗ ವೀಸಾ, ಹೋಟೆಲ್, ಹಡಗಿನ ಟಿಕೆಟ್ ಯಾವುದೂ ನನಗೆ ದೊಡ್ಡ ಚಿಂತೆ ಆಗಿರಲಿಲ್ಲ. ಇದ್ದದ್ದು ಊಟದ ಚಿಂತೆ. ಅಮ್ಮ ಮಾಂಸ, ಮೀನು ಅಷ್ಟೇ ಅಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹನ್ನೊಂದು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಳೆಯಬೇಕೇನೋ ಅಂತ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಎಲ್ಲ ಕಟ್ಟಿಕೊಂಡಿದ್ದಳು. ಅದರಲ್ಲಿ ಮುಕ್ಕಾಲು ಪಾಲು ಹಾಗೇ ಮೈಸೂರಿಗೆ ವಾಪಸ್ ಬಂತು. ಗ್ರೀಸ್‌ನಲ್ಲಿ ಸಸ್ಯಾಹಾರಿಗೆ ಊಟ ಧಾರಾಳವಾಗಿ ಸಿಗುತ್ತದೆ. ಅದು ಮೆನುವಿನಲ್ಲಿ ಯಾವ ಹೆಸರಲ್ಲಿ ಕೂತಿದೆ ಅಂತ ಗೊತ್ತಿರಬೇಕು, ಅಷ್ಟೆ.

ನಾವು ಹೋಗಿದ್ದು ಮಾರ್ಚ್ ಕೊನೆಗೆ. ಅಥೆನ್ಸ್, ಬಂಡೆಗಳ ಮೇಲೆ ಮಠಗಳಿರುವ ಮೆಟಿಯೊರಾ ನೋಡಲು ಕಲಂಬಾಕ, ಆಮೇಲೆ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿ ಕ್ರೀಟ್ ದ್ವೀಪದ ಹನ್ಯಾ. ಪ್ರವಾಸಿಗರು ತುಂಬುವ, ಅಥೆನ್ಸ್‌ನ ಪ್ಲಾಕಾದಂಥ ಕಡೆ ಇಂಗ್ಲಿಷ್ ಮೆನು ಇರುತ್ತದೆ. ಆದರೆ ಊರಿನವರು ಉಣ್ಣುವ ತವೇರ್ನಾ ಅನ್ನುವ ಸಾದಾ ಊಟದ ಹೋಟೆಲುಗಳಲ್ಲಿ ಮೆನು ಗ್ರೀಕ್‌ನಲ್ಲೇ. ಒಳ್ಳೆಯ ಊಟ ಇರುವುದೂ ಅಲ್ಲೇ.

ಮೊದಲು ಫೋನಿನ ವಿಷಯ. ಕ್ಯಾಮೆರಾದಲ್ಲಿ ತೋರಿಸಿದರೆ ಓದಿ ಹೇಳುವ ಯಾವುದಾದರೂ ಅನುವಾದದ ಆ್ಯಪ್ ಸಾಕು. ಮನೆಯಲ್ಲಿ ವೈಫೈ ಇರುವಾಗಲೇ ಗ್ರೀಕ್ ಭಾಷೆಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕೆಲವು ತವೇರ್ನಾಗಳು ನೆಲಮಾಳಿಗೆಯಲ್ಲಿವೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಮೆನು ಮೇಲೆ ಕ್ಯಾಮೆರಾ ಸುಮ್ನೆ ಓಡಾಡಿಸಬೇಡಿ, ಅಕ್ಷರ ಕುಣಿಯುತ್ತವೆ. ಒಂದು ಫೋಟೊ ತೆಗೆದು, ಬೇಕಾದ ಪದ ಒತ್ತಿ ನೋಡಿ. ಕನ್ನಡಕ್ಕಿಂತ ಇಂಗ್ಲಿಷ್‌ಗೆ ಅನುವಾದ ಮಾಡಿಸಿದರೆ ತಿಂಡಿಗಳ ಹೆಸರು ಸ್ವಲ್ಪ ನೆಟ್ಟಗೆ ಬಂತು. ಕೈಬರಹದ ಬೋರ್ಡು ಮಾತ್ರ ಆ್ಯಪ್‌ಗೆ ಕಷ್ಟ. ಅಂಥ ಕಡೆ ಬಡಿಸುವವರ ಬಾಯಲ್ಲೇ ಹೆಸರು ಹೇಳಿಸಿ, ಮೈಕ್ ಒತ್ತಿ ಕೇಳಿಸಿಕೊಂಡೆವು.

ಹೋಗುವ ಮುಂಚೆ ಗ್ರೀಕ್‌ನ 24 ಅಕ್ಷರ ಕಲಿಯಿರಿ ಅಂತ ನಾನು ಒತ್ತಾಯ ಮಾಡುತ್ತೇನೆ. ಎರಡು ಸಂಜೆಯ ಕೆಲಸ. ಇಂಗ್ಲಿಷ್‌ನ ಪಿ ಥರ ಕಾಣುವುದು 'ರ', ಚಿಕ್ಕ ವಿ ಥರ ಕಾಣುವುದು 'ನ', ದೊಡ್ಡ ಎಚ್ ಥರದ್ದು 'ಈ'. ಅಕ್ಷರ ಕೂಡಿಸಿ ಓದಲು ಬಂದರೆ, ಆ್ಯಪ್ ಎಡವಿದ ಕಡೆ ನಮಗೇ ಗೊತ್ತಾಗುತ್ತದೆ.

ಎಡವುವುದಂತೂ ಖಂಡಿತ. ಅಥೆನ್ಸ್‌ನಲ್ಲಿ ಒಂದು ಕಡೆ ಮಾಂಸದ ಪಟ್ಟಿಯಲ್ಲಿ 'ಪುಟ್ಟ ಮಕ್ಕಳು' ಅಂತ ತೋರಿಸಿತು. ಅಮ್ಮ ಗಾಬರಿಯಾದಳು. ಅದು ಪೈದಾಕ್ಯ, ಕುರಿಮರಿಯ ಪಕ್ಕೆಲುಬಿನ ಮಾಂಸ. ಒಂದು ಅಕ್ಷರದ ಮೇಲಿನ ಎರಡು ಚುಕ್ಕಿ ಬಿಟ್ಟುಹೋದರೆ ಅದೇ ಪದ ಪೆದಾಕ್ಯ, ಅಂದರೆ ಮಕ್ಕಳು. ಇನ್ನೊಂದು ಮೆನುವಿನಲ್ಲಿ 'ಗಂಟೆಯ' ಅನ್ನುವ ತಲೆಬರಹ ಬಂತು. 'ತಿಸ್ ಓರಾಸ್' ಅಂದರೆ ಆರ್ಡರ್ ಕೊಟ್ಟ ಮೇಲೆ ಬಿಸಿಬಿಸಿಯಾಗಿ ಮಾಡುವುದು. ಅದರ ಕೆಳಗೆ ಇರುವುದು ಹೆಚ್ಚಾಗಿ ಕೆಂಡದ ಮೇಲೆ ಸುಟ್ಟ ಮಾಂಸ, ನಮಗೆ ಬೇಡ.

ನಮಗೆ ಬೇಕಾದ ತಲೆಬರಹ 'ಲದೆರಾ'. ಆ್ಯಪ್ ಇದನ್ನು 'ಎಣ್ಣೆ ಎಣ್ಣೆಯಾದದ್ದು' ಅಂತ ತೋರಿಸುತ್ತದೆ. ಓದಿದರೆ ಯಾರಿಗೂ ತಿನ್ನಬೇಕು ಅನಿಸುವುದಿಲ್ಲ, ಅಲ್ವಾ? ಆದರೆ ಆಲಿವ್ ಎಣ್ಣೆ, ಟೊಮೆಟೊ, ಈರುಳ್ಳಿಯಲ್ಲಿ ನಿಧಾನವಾಗಿ ಬೆಂದ ತರಕಾರಿ ಪಲ್ಯಗಳೆಲ್ಲ ಇದರಲ್ಲೇ ಇರುತ್ತವೆ. ಫಸೊಲಾಕ್ಯ ಅಂದರೆ ಹುರುಳಿಕಾಯಿ. ಬ್ರಿಯಾಮ್ ಅಂದರೆ ಆಲೂಗಡ್ಡೆ, ಬದನೆ, ಜುಕಿನಿ ಎಲ್ಲ ಒಟ್ಟಿಗೆ. ಬಾಮ್ಯೆಸ್ ಅಂದರೆ ಬೆಂಡೆಕಾಯಿ. ಅದು ಬಂದಾಗ ಅಮ್ಮನ ಮುಖ ನೋಡಬೇಕಿತ್ತು. ಖಾರ ಇಲ್ಲ, ಹುಳಿ ಟೊಮೆಟೊದ್ದೇ, ಆದರೂ ತಟ್ಟೆ ಒರೆಸಿ ತಿಂದಳು. ಇವು ಬೆಳಿಗ್ಗೆಯೇ ಮಾಡಿಡುವ ಅಡಿಗೆ, ಉಗುರುಬೆಚ್ಚಗೆ ಬಡಿಸುತ್ತಾರೆ. ತಣ್ಣಗಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅವರು ತಿನ್ನುವುದೇ ಹಾಗೆ. ಮಧ್ಯಾಹ್ನ ಹೋದರೆ ಎಲ್ಲ ಸಿಗುತ್ತದೆ. 'ಯಿಗಾಂದೆಸ್' ಅಂತ ಇದ್ದರೆ ಆ್ಯಪ್ 'ದೈತ್ಯರು' ಅನ್ನುತ್ತದೆ. ಅದು ದಪ್ಪ ಬಿಳಿ ಅವರೆಯಂಥ ಕಾಳು, ಒಲೆಯಲ್ಲಿ ಬೇಯಿಸಿದ್ದು. 'ಫಾವಾ' ಅಂದರೆ ಹಳದಿ ಬೇಳೆಯ ಗಟ್ಟಿ ತೊವ್ವೆ, ಮೇಲೆ ಈರುಳ್ಳಿ. 'ಸಲಾಟಾ' ಅಂತ ಮುಗಿಯುವುದೆಲ್ಲ ಹಸಿ ತರಕಾರಿ ಅಲ್ಲ. ಮೆಲಿಜನೊಸಲಾಟಾ ಸುಟ್ಟ ಬದನೆಕಾಯಿ ಗೊಜ್ಜು. ತರಮೊಸಲಾಟಾ ಮೀನಿನ ಮೊಟ್ಟೆಯದ್ದು, ಅದರ ತಂಟೆಗೆ ಹೋಗಬೇಡಿ.

ಈಗ ನಮ್ಮಿಂದ ತಪ್ಪಾದ ಒಂದು ಊಟದ ಬಗ್ಗೆ ಹೇಳಲೇಬೇಕು. ಅಥೆನ್ಸ್‌ನಲ್ಲಿ ಗೆಮಿಸ್ತಾ ತಿಂದಿದ್ದೆವು. ಟೊಮೆಟೊ, ದೊಣ್ಣೆಮೆಣಸಿನಕಾಯಿ ಒಳಗೆ ಅನ್ನ, ಪುದೀನ ತುಂಬಿ ಬೇಯಿಸಿದ್ದು. ಕಲಂಬಾಕದಲ್ಲಿ ಬೋರ್ಡಿನ ಮೇಲೆ ಅದೇ ಹೆಸರು ಕಂಡಿತು. ಆ್ಯಪ್ 'ತುಂಬಿದ್ದು' ಅಂತ ತೋರಿಸಿತು. ಅದನ್ನೇ ಹೇಳಿದೆ. ಅಮ್ಮ ಎರಡು ತುತ್ತು ತಿಂದು ಚಮಚ ಕೆಳಗಿಟ್ಟಳು. "ಏನೇ ಇದು, ಅನ್ನದ ಜೊತೆ ಇನ್ನೇನೋ ಇದೆ" ಅಂದಳು. ಖೀಮಾ. ನಲವತ್ತು ವರ್ಷದ ನೇಮ ನನ್ನ ಆತುರದಿಂದ ಮುರಿಯಿತಲ್ಲ ಅಂತ ನನಗೆ ಅಳುವೇ ಬಂತು. ಆ ದಿನ ಅವಳು ಮತ್ತೇನೂ ತಿನ್ನಲಿಲ್ಲ.

ಅಡುಗೆ ಮಾಡುವ ಹೆಂಗಸು ಹೊರಗೆ ಬಂದು ವಿಷಯ ತಿಳಿದು ಬಹಳ ನೊಂದುಕೊಂಡರು. ನನ್ನ ಫೋನಿಗೆ ಒಂದು ಪದ ಹೇಳಿದರು. ಆ್ಯಪ್ 'ಅನಾಥರು' ಅಂತ ಬರೆಯಿತು. ಗ್ರೀಕ್‌ನಲ್ಲಿ ಅದು 'ಓರ್ಫನಾ'. ಮಾಂಸ ಹಾಕದ ಗೆಮಿಸ್ತಾಕ್ಕೆ ಅವರು ಹಾಗೇ ಅನ್ನುತ್ತಾರೆ. ಮಾಂಸ ಹಾಕಿದ್ದಾದರೆ 'ಮೆ ಕಿಮಾ'. ಕಿಮಾ ನಮ್ಮ ಖೀಮಾನೇ, ಪದ ಕೂಡ ಅದೇ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ದೊಲ್ಮಾದೆಸ್‌ಗೂ ಇಂಥದ್ದೇ ಗುರುತು ಇದೆ. 'ಯಾಲಂಜಿ' ಅಂತ ಇದ್ದರೆ ಒಳಗೆ ಬರೀ ಅನ್ನ. ಟರ್ಕಿ ಭಾಷೆಯಿಂದ ಬಂದ ಪದ, ಅರ್ಥ ಸುಳ್ಳುಗಾರ. ಆ ಪದ ಇಲ್ಲದಿದ್ದರೆ ಒಳಗೆ ಖೀಮಾ ಇರಬಹುದು, ಮೇಲೆ 'ಅವ್ಗೊಲೆಮೊನೊ' ಕೂಡ ಇರಬಹುದು. ಅದು ಮೊಟ್ಟೆ, ನಿಂಬೆರಸದ ಸಾಸ್, ಸೂಪಿಗೂ ಹಾಕುತ್ತಾರೆ. 'ಕೆಫ್ತೆದೆಸ್' ಅಂತ ಬಂದ ಕೂಡಲೇ ಆ್ಯಪ್ 'ಮಾಂಸದ ಉಂಡೆ' ಅನ್ನುತ್ತದೆ. ಆದರೆ ದೊಮಾತೊಕೆಫ್ತೆದೆಸ್ ಟೊಮೆಟೊ ವಡೆ, ಅದರಲ್ಲಿ ಮಾಂಸ ಇಲ್ಲ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿ.

ಆ ರಾತ್ರಿಯಿಂದ ಆ್ಯಪ್ ಬಳಸುವ ರೀತಿ ಬದಲಾಯಿಸಿದೆ. ಮೆನು ಓದುವುದಕ್ಕಿಂತ ಜಾಸ್ತಿ, ಕೇಳುವುದಕ್ಕೆ ಬಳಸಿದೆ. 'ಇದರಲ್ಲಿ ಮಾಂಸ, ಮೀನು, ಮೊಟ್ಟೆ, ಮಾಂಸ ಬೇಯಿಸಿದ ನೀರು ಇದೆಯಾ?' ಅನ್ನುವುದನ್ನು ಗ್ರೀಕ್‌ಗೆ ಮಾಡಿಸಿ, ದೊಡ್ಡ ಅಕ್ಷರದಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಸಣ್ಣ ಸಣ್ಣ ವಾಕ್ಯ ಕೊಟ್ಟರೆ ಅನುವಾದ ತಪ್ಪುವುದು ಕಡಿಮೆ. 'ಹೊರೀಸ್ ಕ್ರೆಆಸ್' ಅಂದರೆ ಮಾಂಸ ಇಲ್ಲದೆ, 'ಹೊರೀಸ್ ಅವ್ಗೊ' ಅಂದರೆ ಮೊಟ್ಟೆ ಇಲ್ಲದೆ. ಇಷ್ಟು ಬಾಯಿಪಾಠ ಇರಲಿ. ಉತ್ತರ ಕೇಳುವಾಗ ಹುಷಾರು. 'ನೆ' ಅಂದರೆ ಹೌದು, 'ಓಹಿ' ಅಂದರೆ ಇಲ್ಲ. ತಲೆಯನ್ನು ಹಿಂದಕ್ಕೆ, ಮೇಲಕ್ಕೆ ಎತ್ತಿದರೂ ಇಲ್ಲ ಅಂತಲೇ.

ಇನ್ನೊಂದು ಒಳ್ಳೆಯ ಪದ 'ನಿಸ್ತೀಸಿಮೊ'. ಉಪವಾಸದ ಅಡಿಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರ್ ಮುಂಚಿನ ವಾರಗಳು, ಆಗಸ್ಟ್ 1ರಿಂದ 14, ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೆ ವ್ರತ ಮಾಡುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲಿನದ್ದೆಲ್ಲ ಬಿಡುತ್ತಾರೆ. ನಾವು ಹೋದದ್ದು ಈಸ್ಟರ್ ವ್ರತದ ಸಮಯ, ಹಾಗಾಗಿ ಬೇಕರಿಗಳಲ್ಲಿ ಈ ಚೀಟಿ ಎಲ್ಲೆಲ್ಲೂ ಕಂಡಿತು. ಮೊಟ್ಟೆ ಬಿಟ್ಟವರಿಗೆ ದೊಡ್ಡ ಅನುಕೂಲ. ಆದರೆ ಸಿಗಡಿ, ಆಕ್ಟೋಪಸ್ ವ್ರತಕ್ಕೆ ನಡೆಯುತ್ತವೆ. ಊಟದ ಹೋಟೆಲಲ್ಲಿ ಈ ಪದ ನೋಡಿದ ಮೇಲೂ ಒಮ್ಮೆ ಕೇಳಿ.

ಫೆಟಾ ಚೀಸ್ ಬಗ್ಗೆ ಯಾವ ಆ್ಯಪ್ಪೂ ಹೇಳದ ಒಂದು ಮಾತು. ಹಾಲು ಗಟ್ಟಿ ಮಾಡಲು ಸಾಂಪ್ರದಾಯಿಕವಾಗಿ ಎಳೆಯ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇದು ತಿಳಿದ ಮೇಲೆ ಅಮ್ಮ ಚೀಸ್ ಬಿಟ್ಟಳು, ಗಟ್ಟಿ ಮೊಸರಿಗೆ ಜೇನುತುಪ್ಪ ಹಾಕಿಕೊಂಡು ತಿಂದಳು. ನಿಮ್ಮ ಮನೆಯವರಿಗೂ ಮುಂಚೆಯೇ ಹೇಳಿಬಿಡಿ, ತೀರ್ಮಾನ ಅವರದ್ದು.

ಹನ್ಯಾದ ಮೆನುವಿನಲ್ಲಿ 'ಹೊರ್ತಾ' ಇತ್ತು. ಆ್ಯಪ್ 'ಹುಲ್ಲು' ಅಂದಿತು. ತಟ್ಟೆಯಲ್ಲಿ ಬಂದದ್ದು ಬೇಯಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು. ಅಮ್ಮ ಒಂದು ತುತ್ತು ಬಾಯಿಗಿಟ್ಟು "ಬೆರಕೆ ಸೊಪ್ಪು ಕಣೇ ಇದು" ಅಂದಳು. ನಮ್ಮಲ್ಲಿ ಹೊಲದ ಬದುವಿನಿಂದ ಕಿತ್ತು ತರುವ ಹಾಗೆ ಅಲ್ಲೂ ಬೆಟ್ಟದಿಂದ ಕಿತ್ತು ತರುತ್ತಾರೆ. ಮಾರನೇ ದಿನ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ ಸಿಕ್ಕರು. ಅವರ ಮುಂದೆ ಸ್ತಮ್ನಗಾಥಿ ಅನ್ನುವ ಕಹಿ ಸೊಪ್ಪಿನ ರಾಶಿ. ಅಮ್ಮ ಫೋನ್ ನನ್ನ ಕೈಯಿಂದ ತೆಗೆದುಕೊಂಡು ಕನ್ನಡದಲ್ಲೇ ಕೇಳಿದಳು, "ಸೊಪ್ಪು ಬೇಯಿಸಿದ ನೀರನ್ನು ಏನು ಮಾಡುತ್ತೀರಿ?" ಫೋನ್ ಗ್ರೀಕ್‌ನಲ್ಲಿ ಹೇಳಿತು. ಅಜ್ಜಿ ಉತ್ತರವನ್ನು ಫೋನಿಗೆ ಹೇಳಲಿಲ್ಲ. ಒಂದು ಕೈಯಲ್ಲಿ ಲೋಟ ಹಿಡಿದಂತೆ ಮಾಡಿ, ಇನ್ನೊಂದರಿಂದ ನಿಂಬೆ ಹಿಂಡಿದಂತೆ ಮಾಡಿ, ಗಟಗಟ ಕುಡಿದು ತೋರಿಸಿದರು. ಅಮ್ಮ ಅವರಿಗೆ ಬಸ್ಸಾರು ಮಾಡುವುದು ಹೇಗೆ ಅಂತ ಹೇಳಲು ಅಲ್ಲೇ ಪಕ್ಕದ ಮೆಟ್ಟಿಲ ಮೇಲೆ ಕೂತಳು.