ಜಾಸ್‌ನವರು ಊದುವ ಟ್ಯೂಬಾ ಯಾವ ಕಂಪನಿಯದು?

ನನಗೆ ಜಾಸ್ ಕೇಳುವ ಹುಚ್ಚು. ಅದರಲ್ಲೂ ಟ್ಯೂಬಾ, ಅಂದರೆ ತಗ್ಗು ದನಿಯ ಆ ದೊಡ್ಡ ಹಿತ್ತಾಳೆ ಊದುವಾದ್ಯ, ಇದ್ದರೆ ಸ್ವಲ್ಪ ಜಾಸ್ತಿನೇ. ಇದು ಗೊತ್ತಾದವರು ಇವತ್ತಲ್ಲ ನಾಳೆ ಕೇಳುವ ಪ್ರಶ್ನೆ ಒಂದೇ: "ದೊಡ್ಡ ದೊಡ್ಡ ಕಲಾವಿದರೆಲ್ಲ ಯಾವ ಟ್ಯೂಬಾ ನುಡಿಸ್ತಾರೆ? ಯಾವ ಕಂಪನಿದು?" ಕೇಳುವವರು ಹೆಚ್ಚಾಗಿ ಗಿಟಾರ್ ಹುಡುಗರು. ಅವರ ಲೋಕದಲ್ಲಿ ಆಳಿಗೊಂದು ಮಾಡೆಲ್ ಇರುತ್ತದೆ, ಮಾಡೆಲ್ ಹೆಸರು ಹೇಳಿದರೆ ಅರ್ಧ ಕಥೆ ಮುಗಿದ ಹಾಗೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾದವರ ಬಗ್ಗೆ ಕೇಳಿದ್ದರೆ ಅಂಥ ಉತ್ತರ ಕೊಡಬಹುದಿತ್ತು. ಚಿಕಾಗೊ ಸಿಂಫನಿಯ ಆರ್ನಾಲ್ಡ್ ಜೇಕಬ್ಸ್ ಊದುತ್ತಿದ್ದ ಯಾರ್ಕ್ ಕಂಪನಿಯ ಟ್ಯೂಬಾದ ಬಗ್ಗೆ ಟ್ಯೂಬಾ ಮಂದಿ ಗಂಟೆಗಟ್ಟಲೆ ಮಾತಾಡುತ್ತಾರೆ. ಯಾಮಾಹಾದವರು ಅದನ್ನೇ ಅಳತೆ ಮಾಡಿ ನಕಲು ಮಾಡಿದರು. ಜಾಸ್‌ನಲ್ಲಿ ಬೇರೆ ಪ್ರಶ್ನೆ ಕೇಳಬೇಕು. ಕಲಾವಿದ ನಡೆಯುತ್ತಾ ನುಡಿಸುತ್ತಿದ್ದನೋ, ಕೂತು ನುಡಿಸುತ್ತಿದ್ದನೋ? ತಾಳ ಹಿಡಿಯುತ್ತಿದ್ದನೋ, ರಾಗ ಹಾಡುತ್ತಿದ್ದನೋ? ವಾದ್ಯ ಯಾವುದು ಅನ್ನುವುದು ಅಲ್ಲಿಂದ ತೀರ್ಮಾನವಾಗುತ್ತದೆ.

ಮೊದಲು ಅಮೆರಿಕದಲ್ಲಿ ಜಾಸ್ ಹುಟ್ಟಿದ ಊರು ನ್ಯೂ ಆರ್ಲಿಯನ್ಸ್‌ಗೆ ಹೋಗೋಣ. ಅಲ್ಲಿ ಆಂಟನಿ ಲೇಸನ್ ಅನ್ನುವವರಿದ್ದರು, 2004ರಲ್ಲಿ ತೀರಿಕೊಂಡರು. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಟ್ಯೂಬಾ ಫ್ಯಾಟ್ಸ್ ಅಂತ. ಆದರೆ ಅವರ ಮೈಮೇಲೆ ಇರುತ್ತಿದ್ದದ್ದು ಸೂಸಾಫೋನ್. ಪೊಲೀಸ್ ಬ್ಯಾಂಡಿನಲ್ಲಿ ನೀವು ನೋಡಿರಬಹುದು. ಹೆಬ್ಬಾವಿನ ಹಾಗೆ ಮೈಸುತ್ತಿಕೊಂಡು, ತಲೆಯ ಮೇಲೆ ಅಗಲ ಬಾಯಿ ತೆರೆದು ನಿಂತಿರುತ್ತದಲ್ಲ, ಅದೇ. ನ್ಯೂ ಆರ್ಲಿಯನ್ಸ್ ಜನ ಅದನ್ನು ಸುಮ್ನೆ ಟ್ಯೂಬಾ ಅಂತಲೇ ಕರೆಯುತ್ತಾರೆ. ಹಾಗಾಗಿ "ಅದು ಟ್ಯೂಬಾ ಅಲ್ಲ, ಸೂಸಾಫೋನ್" ಅಂತ ಯಾರಾದರೂ ತಿದ್ದಲು ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಅವರಿಗಾಗಿ 1890ರ ದಶಕದಲ್ಲಿ ಹುಟ್ಟಿದ ವಾದ್ಯ ಅದು. ಮೊದಲು ಅದರ ಬಾಯಿ ಆಕಾಶಕ್ಕೆ ಮುಖ ಮಾಡಿತ್ತು. ಮಳೆ ಹಿಡಿಯುವ ಪಾತ್ರೆ ಅಂತ ಜನ ತಮಾಷೆ ಮಾಡುತ್ತಿದ್ದರು. ಆಮೇಲೆ ಬಾಯಿ ಮುಂದಕ್ಕೆ ತಿರುಗಿತು. ಬೀದಿಗೆ ಬೇಕಾದದ್ದೂ ಅದೇ: ಭಾರವನ್ನು ಹೆಗಲು ಹೊರಬೇಕು, ದನಿ ಮುಂದಿರುವ ಜನಕ್ಕೆ ತಾಗಬೇಕು. ಬ್ಯಾಂಡಿನ ಹಿಂದೆ ಜನ ಕುಣಿಯುತ್ತಾ ಬರುವ ಭಾನುವಾರದ ಸೆಕೆಂಡ್ ಲೈನ್ ಮೆರವಣಿಗೆ ನಾಲ್ಕು ಗಂಟೆ ಸಾಗುತ್ತದೆ. ಅಷ್ಟು ಹೊತ್ತೂ ಹಿತ್ತಾಳೆ ಹೊತ್ತು, ಬಿಸಿಲಲ್ಲಿ ನಡೆಯುತ್ತಾ ಊದುತ್ತಲೇ ಇರಬೇಕು. ನಾನೊಮ್ಮೆ ಗೆಳೆಯನ ಸೂಸಾಫೋನ್ ಹಾಕಿಕೊಂಡು ಊದಿ ನೋಡಿದ್ದೆ. ಹತ್ತು ನಿಮಿಷಕ್ಕೆ ಎಡ ಹೆಗಲು ಕೆಂಪಾಯಿತು, ಬಂದ ಸದ್ದು ಎಮ್ಮೆಯದು. ಕಂಪನಿ ಹೆಸರು ಬೇಕೇ ಬೇಕು ಅನ್ನುವವರಿಗೆ: ಆ ಬೀದಿಗಳಲ್ಲಿ ಕಾನ್ 20ಕೆ ಅನ್ನುವ ಮಾಡೆಲ್‌ಗೆ ಒಳ್ಳೆಯ ಹೆಸರಿದೆ. ಅದರ ಬಾಯಿಯೇ 26 ಇಂಚು ಅಗಲ.

1977ರಲ್ಲಿ ಶುರುವಾದ ಡರ್ಟಿ ಡಜನ್ ಬ್ರಾಸ್ ಬ್ಯಾಂಡಿನ ಕರ್ಕ್ ಜೋಸೆಫ್ ಈ ವಾದ್ಯದ ನಡೆಯನ್ನೇ ಬದಲಿಸಿದರು. ಅಲ್ಲಿಯವರೆಗೆ "ಬೂಂ, ಬೂಂ" ಅಂತ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದ ಸೂಸಾಫೋನ್, ಅವರ ಕೈಯಲ್ಲಿ ಫಂಕ್ ಹಾಡಿನ ಬಾಸ್ ಗಿಟಾರ್ ಹಾಗೆ ಕುಣಿಯತೊಡಗಿತು. ನಂತರ ಬಂದ ರೀಬರ್ತ್ ಬ್ರಾಸ್ ಬ್ಯಾಂಡಿನ ಫಿಲಿಪ್ ಫ್ರೇಜಿಯರ್ ಊದುವುದೂ ಸೂಸಾಫೋನೇ.

ಸ್ಟುಡಿಯೋ ಕಥೆ ಬೇರೆ. 1925ಕ್ಕೂ ಮುಂಚೆ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಂದರ ಮುಂದೆ ನಿಂತು ನುಡಿಸಬೇಕಿತ್ತು. ಆ ಕೊಳವೆಗೆ ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್‌ನ ತಂತಿಯ ದನಿ ಸರಿಯಾಗಿ ಸಿಗುತ್ತಿರಲಿಲ್ಲ, ಟ್ಯೂಬಾದ ದನಿ ಸಿಗುತ್ತಿತ್ತು. ಟ್ರಂಪೆಟ್‌ನ ಲೂಯಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ ತನ್ನ ಹಾಟ್ ಫೈವ್ ತಂಡವನ್ನು ಹಾಟ್ ಸೆವೆನ್ ಮಾಡಿದಾಗ ಹೊಸದಾಗಿ ಸೇರಿದ ಇಬ್ಬರಲ್ಲಿ ಒಬ್ಬರು ಡ್ರಮ್ಸ್‌ನವರು, ಇನ್ನೊಬ್ಬರು ಟ್ಯೂಬಾದ ಪೀಟ್ ಬ್ರಿಗ್ಸ್. ಆದರೆ ಅಷ್ಟರಲ್ಲಿ ಮೈಕ್ ಬಂದಾಗಿತ್ತು. ಆವರ್ತಕ್ಕೆ ಎರಡು ಪೆಟ್ಟಿದ್ದ ಬಾಸ್, ಅಂದರೆ ತಳದ ತಗ್ಗು ಸ್ವರದ ನಡೆ, ನಾಲ್ಕು ಪೆಟ್ಟಾಗತೊಡಗಿತು. ನಾಲ್ಕು ಪೆಟ್ಟನ್ನು ರಾತ್ರಿಯಿಡೀ ಊದಲು ಯಾರ ಉಸಿರು ಸಾಕಾಗುತ್ತದೆ? ಜಾನ್ ಕರ್ಬಿಯಂಥವರು ಟ್ಯೂಬಾ ಬಿಟ್ಟು ಡಬಲ್ ಬಾಸ್ ಹಿಡಿದರು.

ನನಗೆ ತುಂಬಾ ಇಷ್ಟವಾದ ಘಟ್ಟ ಇದರ ನಂತರದ್ದು. 1949–50ರಲ್ಲಿ ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಒಂಬತ್ತು ಜನರ ತಂಡ ಕಟ್ಟಿ ರೆಕಾರ್ಡ್ ಮಾಡಿದರು. ಅದರಲ್ಲಿ ಡಬಲ್ ಬಾಸೂ ಇದೆ, ಬಿಲ್ ಬಾರ್ಬರ್ ಅವರ ಟ್ಯೂಬಾನೂ ಇದೆ. ಅಂದರೆ ತಾಳ ಹೊರುವ ಕೆಲಸದಿಂದ ಟ್ಯೂಬಾಕ್ಕೆ ಬಿಡುಗಡೆ. ಟ್ರಂಪೆಟ್, ಸ್ಯಾಕ್ಸೊಫೋನ್ ಜೊತೆ ಸಮನಾಗಿ ಕೂತು ಅದು ಹಾಡುತ್ತದೆ. ಮೊದಲ ಸಲ ಕೇಳಿದಾಗ ಅದು ಟ್ಯೂಬಾ ಅಂತ ನನಗೆ ಹೊಳೆದಿರಲೇ ಇಲ್ಲ.

ಹಾಡಬೇಕು ಅಂದ ಕೂಡಲೇ ಶ್ರುತಿಯ ಪ್ರಶ್ನೆ ಬರುತ್ತದೆ. ಕೊಳಲಿನವರ ಚೀಲ ನೋಡಿದ್ದೀರಲ್ವಾ? ಉದ್ದದ್ದು, ಗಿಡ್ಡದ್ದು, ಶ್ರುತಿಗೊಂದು ಕೊಳಲು. ಟ್ಯೂಬಾದಲ್ಲೂ ಹಾಗೇ ನಾಲ್ಕು ಬಗೆ: ಬಿ-ಫ್ಲ್ಯಾಟ್, ಸಿ, ಇ-ಫ್ಲ್ಯಾಟ್, ಎಫ್. ದೊಡ್ಡ ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು 18 ಅಡಿ. ಎಫ್‌ನದು 12 ಅಡಿ. ಉದ್ದ ಕೊಳವೆಯಲ್ಲಿ ಮೇಲಿನ ಸ್ವರಗಳು ಸಿಟಿ ಬಸ್ಸಿನ ಜನರ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಸ್ವರ ಬಂದುಬಿಡುತ್ತದೆ. ಗಿಡ್ಡ ಕೊಳವೆಯಲ್ಲಿ ಅದೇ ಎತ್ತರದಲ್ಲಿ ಸ್ವರಗಳ ನಡುವೆ ಜಾಗ ಜಾಸ್ತಿ. ಅದಕ್ಕೇ ಏಕವಾದನದ ಆಸೆ ಇರುವವರು ಚಿಕ್ಕ ಟ್ಯೂಬಾ ಕಡೆ ವಾಲುತ್ತಾರೆ, ನೆಲ ನಡುಗಿಸಬೇಕು ಅನ್ನುವವರು ದೊಡ್ಡದನ್ನು ಬಿಡುವುದಿಲ್ಲ.

ಹಾಗಂತ ವಾದ್ಯ ಒಂದರಿಂದಲೇ ಎಲ್ಲ ಆಗುವುದಿಲ್ಲ. ರೇ ಡ್ರೇಪರ್ 1957ರಲ್ಲಿ, ಬರೀ 17ನೇ ವಯಸ್ಸಿಗೆ, ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಜೊತೆ ರೆಕಾರ್ಡ್ ಮಾಡಿದ ಹುಡುಗ. ಕೋಲ್ಟ್ರೇನ್ ಓಟಕ್ಕೆ ಟ್ಯೂಬಾ ಏದುಸಿರು ಬಿಡುವುದು ನನ್ನ ಕಿವಿಗೆ ಕೇಳಿಸುತ್ತದೆ. ಆದರೂ ಆ ಧೈರ್ಯಕ್ಕಾಗಿಯೇ ಮತ್ತೆ ಮತ್ತೆ ಹಾಕಿ ಕೇಳುತ್ತೇನೆ. ಆ ಏದುಸಿರು ಇಲ್ಲದೆ ಮೇಲಿನ ಸ್ಥಾಯಿಯಲ್ಲಿ ಹಾಯಾಗಿ ಓಡಾಡಿದವರು ಹೊವಾರ್ಡ್ ಜಾನ್ಸನ್. ಟ್ಯೂಬಾ, ಬ್ಯಾರಿಟೋನ್ ಸ್ಯಾಕ್ಸೊಫೋನ್ ಎರಡನ್ನೂ ಯಾರ ಬಳಿಯೂ ಹೋಗದೆ ತಾವೇ ಕಲಿತವರು. ಆರು ಟ್ಯೂಬಾಗಳನ್ನು ಸಾಲಾಗಿ ಕೂರಿಸಿ ಗ್ರ್ಯಾವಿಟಿ ಅನ್ನುವ ತಂಡ ಕಟ್ಟಿದರು. ಹೆಸರು ಹೇಗಿದೆ ನೋಡಿ! ಅವರ ಜೊತೆಗಾರ ಬಾಬ್ ಸ್ಟೂವರ್ಟ್ ಹೋದದ್ದು ಎದುರು ದಿಕ್ಕಿಗೆ. ಸ್ಯಾಕ್ಸೊಫೋನಿನ ಆರ್ಥರ್ ಬ್ಲೈತ್ ಜೊತೆ, ಡಬಲ್ ಬಾಸ್ ಇಲ್ಲದ ತಂಡದಲ್ಲಿ, ಹಳೇ ಬಾಸ್ ಕೆಲಸವನ್ನೇ ಹೊಸ ರೀತಿಯಲ್ಲಿ ಮಾಡಿ ತೋರಿಸಿದರು. ಲಂಡನ್ನಿನ ಥಿಯಾನ್ ಕ್ರಾಸ್ ಇವತ್ತು ಹಿಡಿದಿರುವುದು ಹೆಚ್ಚುಕಡಿಮೆ ಇದೇ ದಾರಿ. ಸನ್ಸ್ ಆಫ್ ಕೆಮೆಟ್ ತಂಡದಲ್ಲಿ ಇದ್ದದ್ದು ಒಂದು ಸ್ಯಾಕ್ಸೊಫೋನ್, ಒಂದು ಟ್ಯೂಬಾ, ಎರಡು ಡ್ರಮ್ಸ್, ಅಷ್ಟೇ.

ಇನ್ನು, ಇರುವ ವಾದ್ಯ ಸಾಲದು ಅಂದವರೂ ಇದ್ದಾರೆ. ಲಾಸ್ ಏಂಜಲೀಸ್‌ನ ಜಿಮ್ ಸೆಲ್ಫ್ ಒಂದು ಫ್ಲೂಬಾ ಮಾಡಿಸಿಕೊಂಡರು. ಟ್ರಂಪೆಟ್‌ನಂಥ ಫ್ಲೂಗಲ್‌ಹಾರ್ನ್ ಅನ್ನು ಟ್ಯೂಬಾ ಗಾತ್ರಕ್ಕೆ ಉಬ್ಬಿಸಿದರೆ ಹೇಗಿರುತ್ತದೋ ಹಾಗಿದೆ. ಫ್ರಾನ್ಸಿನ ಮಿಷೆಲ್ ಗೊದಾರ್ ಇನ್ನೂ ಹಿಂದಕ್ಕೆ ಹೋದರು. ಟ್ಯೂಬಾ ಜೊತೆಗೆ ಅವರು ಜಾಸ್‌ಗೆ ತಂದದ್ದು ಸರ್ಪೆಂಟ್ ಅನ್ನುವ ಹಳೆಯ ವಾದ್ಯವನ್ನು. 1835ರಲ್ಲಿ ಬರ್ಲಿನ್ನಿನಲ್ಲಿ ಟ್ಯೂಬಾಕ್ಕೆ ಪೇಟೆಂಟ್ ಸಿಗುವುದಕ್ಕೂ ಎರಡು ಶತಮಾನ ಮುಂಚೆಯೇ ಫ್ರಾನ್ಸಿನ ಚರ್ಚುಗಳಲ್ಲಿ ಹಾಡಿಗೆ ಒತ್ತಾಸೆಯಾಗಿದ್ದ ವಾದ್ಯ ಅದು. ಮೈ ಮರದ್ದು, ಮೇಲೆ ಚರ್ಮದ ಹೊದಿಕೆ, ಆಕಾರ ಹಾವಿನದು.

ಅದರ ಚಿತ್ರ ತೋರಿಸಿದಾಗ ಒಬ್ಬ ಗಿಟಾರ್ ಹುಡುಗ ಕಂಪನಿ ಹೆಸರು ಕೇಳುವುದನ್ನೇ ಮರೆತ. "ಇದಕ್ಕೆ ಬೆರಳಲ್ಲಿ ಒತ್ತೋ ವಾಲ್ವೇ ಇಲ್ವಲ್ಲ ಸಾರ್?" ಅಂದ.

ಇಲ್ಲ ಕಣಪ್ಪ. ಆರು ತೂತು ಅಷ್ಟೇ, ಕೊಳಲಿನ ಹಾಗೆ.