ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ: ಶಾಸಕರ ಕಚೇರಿಯ ಕಾಗದದ ಪಾಠಗಳು

ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಎದ್ದು ಉತ್ತರಿಸಬೇಕಾದ ಪ್ರಶ್ನೆ, ಚೀಟಿಯಲ್ಲಿ ಎದ್ದು ಬರುವುದೇ ಅದೃಷ್ಟ. ಹಾಗೆ ಎದ್ದು ಬಂದ, ಹದಗೆಟ್ಟ ರಸ್ತೆಯೊಂದರ ಬಗೆಗಿನ ಪ್ರಶ್ನೆಯ ದಿನ ಕ್ಷೇತ್ರದ ಮುಖಂಡರು ಗ್ಯಾಲರಿ ಪಾಸ್ ಮಾಡಿಸಿಕೊಂಡು ಬಂದು ಕೂತಿದ್ದರು. ಸಾಹೇಬ್ರು, ಅಂದರೆ ನಮ್ಮ ಶಾಸಕರು, ಎದ್ದು ಪ್ರಶ್ನೆ ಸಂಖ್ಯೆ ಹೇಳಿದರು. ಸಚಿವರು ‘ಉತ್ತರ ಒದಗಿಸಲಾಗಿದೆ’ ಅಂದು ಕೂತರು. ಒದಗಿಸಿದ ಹಾಳೆಯಲ್ಲಿ ಪ್ರಶ್ನೆಯ ‘ಅ’ ಭಾಗಕ್ಕೆ ಉತ್ತರ: ‘ಸದರಿ ರಸ್ತೆಯು ಲೋಕೋಪಯೋಗಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.’ ‘ಆ’, ‘ಇ’, ‘ಈ’ ಮೂರಕ್ಕೂ ಸೇರಿಸಿ ಒಂದೇ ಪದ: ‘ಉದ್ಭವಿಸುವುದಿಲ್ಲ.’

ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಊರವರೆಲ್ಲ ಪಿಡಬ್ಲ್ಯೂಡಿ ರಸ್ತೆ ಅಂತಲೇ ಕರೆಯುವ ಆ ರಸ್ತೆ ದಾಖಲೆಯಲ್ಲಿ ಇದ್ದದ್ದು ಗ್ರಾಮೀಣ ರಸ್ತೆಯಾಗಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಪಟ್ಟಿಯಲ್ಲಿ. ಹಿಂದೆಂದೋ ಯಾವುದೋ ವಿಶೇಷ ಅನುದಾನದಲ್ಲಿ ಲೋಕೋಪಯೋಗಿಯವರು ಒಮ್ಮೆ ಡಾಂಬರು ಹಾಕಿ ಹೋಗಿದ್ದರು, ಹೆಸರು ಮಾತ್ರ ಅಂಟಿಕೊಂಡಿತ್ತು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ. ಗ್ರಾಮೀಣ ರಸ್ತೆ ಆದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಗೆ ಕೆಆರ್‌ಆರ್‌ಡಿಎ (ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ) ಹತ್ತಿರ ಹೋಗಬೇಕು. ಪಟ್ಟಣದ ಗಡಿ ದಾಟಿ ಒಳಗೆ ಬಂತೆಂದರೆ ಅದೇ ರಸ್ತೆಯ ಮುಂದಿನ ತುಂಡು ಪುರಸಭೆಗೆ ಸೇರಬಹುದು. ಇದನ್ನು ತಿಳಿಯಲು ಬೆಂಗಳೂರಿಗೆ ಬರಬೇಕಿಲ್ಲ, ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಒಂದು ಫೋನ್ ಸಾಕು. ಕೇಳಬೇಕಾದದ್ದು ಇಷ್ಟೇ: ರಸ್ತೆ ಯಾವ ವರ್ಗದ್ದು, ದಾಖಲೆಯಲ್ಲಿ ಹೆಸರೇನು, ಎಷ್ಟು ಕಿಲೋಮೀಟರ್‌ನಿಂದ ಎಷ್ಟು ಕಿಲೋಮೀಟರ್‌ವರೆಗೆ ಕೆಟ್ಟಿದೆ, ಕೊನೆಯ ಸಲ ಯಾವ ವರ್ಷ ಯಾವ ಲೆಕ್ಕ ಶೀರ್ಷಿಕೆಯಲ್ಲಿ (ಬಜೆಟ್‌ನ ಯಾವ ಖಾತೆಯ ಹಣದಲ್ಲಿ) ಕೆಲಸ ಆಗಿದೆ.

ಅಂಥ ಉತ್ತರ ಬಂದಾಗಲೂ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ‘ಈ ರಸ್ತೆಯನ್ನು ಜಿಲ್ಲಾ ಮುಖ್ಯ ರಸ್ತೆಯಾಗಿ ಮೇಲ್ದರ್ಜೆಗೇರಿಸುವ ಪ್ರಸ್ತಾವನೆ ಇಲಾಖೆಯ ಮುಂದಿದೆಯೇ’ ಎಂಬ ಒಂದು ಉಪಪ್ರಶ್ನೆ ಸಾಕಿತ್ತು. ಅದು ಲೋಕೋಪಯೋಗಿ ಸಚಿವರೇ ಉತ್ತರಿಸಬೇಕಾದ ಪ್ರಶ್ನೆ. ‘ಇಲ್ಲ’ ಅಂದರೆ ‘ಪ್ರಸ್ತಾವನೆ ತರಿಸಿಕೊಳ್ಳುವಿರಾ’ ಅಂತ ಮುಂದುವರಿಯಬಹುದು. ‘ತರಿಸಿಕೊಂಡು ಪರಿಶೀಲಿಸುತ್ತೇವೆ’ ಅಂತ ಸಚಿವರ ಬಾಯಲ್ಲಿ ಬಂದರೆ ಅದು ಸದನದಲ್ಲಿ ಕೊಟ್ಟ ಭರವಸೆ, ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಒಯ್ಯಲು ಒಂದು ಆಧಾರ. ಆದರೆ ಉತ್ತರದ ಹಾಳೆ ಕೈಗೆ ಬರುವುದು ಹೊತ್ತು ಮೀರಿದ ಮೇಲೆ, ಪಿಎ ಸದನದೊಳಗೆ ಕಾಲಿಡುವಂತಿಲ್ಲ. ಮಾನ್ಯ ಸದಸ್ಯರು ಗುಂಡಿಗಳ ಬಗ್ಗೆ, ಶಾಲಾ ಮಕ್ಕಳ ಬಗ್ಗೆ, ಬಾಣಂತಿಯರ ಬಗ್ಗೆ ಮನಮುಟ್ಟುವಂತೆ ಮಾತಾಡುತ್ತಾರೆ. ಸಭಾಧ್ಯಕ್ಷರು ‘ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ’ ಅಂತ ಎರಡು ಸಲ ಹೇಳಿ ಮುಂದಿನ ಹೆಸರು ಕರೆಯುತ್ತಾರೆ. ಅಲ್ಲಿಗೆ ಮುಗಿಯಿತು.

ಇದಕ್ಕೆ ಮದ್ದು ಬೆಳಿಗ್ಗೆ ಎಲ್‌ಎಚ್‌ನಿಂದ (ಶಾಸಕರ ಭವನ) ಕಾರು ಹೊರಡುವ ಮುಂಚೆಯೇ ಆಗಬೇಕು. ಉತ್ತರ ಏನೇ ಬರಲಿ, ಮೂರು ಚೀಟಿ ಜೇಬಲ್ಲಿರಬೇಕು. ಇಲಾಖೆ ‘ಹೌದು’ ಅಂದರೆ ಕೇಳುವುದು ಒಂದರಲ್ಲಿ, ‘ಇಲ್ಲ’ ಅಂದರೆ ಕೇಳುವುದು ಇನ್ನೊಂದರಲ್ಲಿ, ‘ನಮಗೆ ಸಂಬಂಧವಿಲ್ಲ’ ಅಂದರೆ ಕೇಳುವುದು ಮೂರನೆಯದರಲ್ಲಿ. ಒಂದೊಂದರಲ್ಲೂ ಎರಡು ಸಾಲು, ದೊಡ್ಡ ಅಕ್ಷರ. ಪುಟಗಟ್ಟಲೆ ಟಿಪ್ಪಣಿ ಬರೆದುಕೊಟ್ಟರೆ ಆ ಗಲಾಟೆಯಲ್ಲಿ ಯಾರೂ ಓದುವುದಿಲ್ಲ.

ಪ್ರಶ್ನೆ ಬರೆಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ‘ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ; ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು’ ಎಂಬ ಹಳೆಯ ಅಚ್ಚು ಎಲ್ಲರ ಕಂಪ್ಯೂಟರಲ್ಲೂ ಇದೆ. ಅದಕ್ಕೆ ತಕ್ಕ ಉತ್ತರದ ಅಚ್ಚು ಇಲಾಖೆಯ ಕಂಪ್ಯೂಟರಲ್ಲೂ ಇದೆ: ‘ಬಂದಿದೆ. ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ವಹಿಸಲಾಗುವುದು.’ ಕೇಳಿದವರಿಗೂ ಹೇಳಿದವರಿಗೂ ನಷ್ಟವಿಲ್ಲ. ಅದರ ಬದಲು ‘ಸದರಿ ಕಾಮಗಾರಿಯ ಅಂದಾಜು ಪಟ್ಟಿ ಯಾವ ದಿನಾಂಕದಂದು ಸಲ್ಲಿಕೆಯಾಗಿದೆ, ಪ್ರಸ್ತುತ ಯಾವ ಹಂತದಲ್ಲಿದೆ, ತಾಂತ್ರಿಕ ಮಂಜೂರಾತಿ ದೊರೆತಿದೆಯೇ’ ಅಂತ ಕೇಳಿದರೆ ಕೆಳಗಿನ ಕಚೇರಿಯಿಂದ ದಿನಾಂಕ ತರಿಸಿಯೇ ಉತ್ತರ ಬರೆಯಬೇಕಾಗುತ್ತದೆ. ಎಷ್ಟೋ ಸಲ ಅಂದಾಜು ಪಟ್ಟಿ ತಯಾರಾಗುವುದೇ ಈ ಪ್ರಶ್ನೆಗೆ ಉತ್ತರ ಬರೆಯುವ ನೆಪದಲ್ಲಿ.

ತೀರಾ ಅಗಲವಾಗಿ ಕೇಳಿದರೂ ಕಷ್ಟ. ಇಡೀ ರಾಜ್ಯದ ಹತ್ತು ವರ್ಷದ ಲೆಕ್ಕ ಕೇಳಿದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಅಂತ ಬರುತ್ತದೆ. ಒಂದು ತಾಲ್ಲೂಕು, ಮೂರು ವರ್ಷ, ‘ಗ್ರಾಮ ಪಂಚಾಯಿತಿವಾರು ವಿವರ ನೀಡುವುದು’ ಅಂತ ಕೇಳಿದರೆ ಅನುಬಂಧ ಸಮೇತ ಬರುತ್ತದೆ. ಕ್ಷೇತ್ರದ ಕೆಲಸಕ್ಕೆ ಭಾಷಣಕ್ಕಿಂತ ಆ ಅನುಬಂಧವೇ ಉಪಯೋಗ, ಹಾಗಾಗಿ ಪಟ್ಟಿ ಬೇಕಾದಾಗ ಲಿಖಿತ ಉತ್ತರವಷ್ಟೇ ಬರುವ ಚುಕ್ಕೆ ರಹಿತ ಪ್ರಶ್ನೆಯೇ ಸಾಕು. ಸ್ಥಳೀಯ ಸಮಸ್ಯೆಯೊಂದನ್ನು ದಾಖಲೆಗೆ ತರಬೇಕಷ್ಟೇ ಅಂದರೆ ನಿಯಮ 351. ಸಚಿವರ ಹೇಳಿಕೆ ಬೇಕಾದರೆ ನಿಯಮ 73ರ ಗಮನ ಸೆಳೆಯುವ ಸೂಚನೆ. ಕಲಾಪ ನಿಲ್ಲಿಸಿ ಚರ್ಚಿಸಿ ಅನ್ನುವ ನಿಲುವಳಿ ಸೂಚನೆ ಕೊಡೋಣ ಅಂತ ಉತ್ಸಾಹ ತೋರಿಸುವವರಿಗೆ, ನಿಯಮ 60ರಲ್ಲಿ ಕೊಟ್ಟದ್ದು ಕಲಾಪ ನಿಲ್ಲಿಸದ ನಿಯಮ 69ಕ್ಕೆ ಬದಲಾಗಿ ಚರ್ಚೆಗೆ ಬರುವುದೇ ಹೆಚ್ಚು ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ 2005ರಲ್ಲಿ ಕಾಯ್ದೆಯೇ ಆಗಿದೆ. ಸೇರುವುದು ಎಷ್ಟು ದಿನ ಅಂತ ಪತ್ರಿಕೆ ಓದುವವರಿಗೆ ಗೊತ್ತು. ಉಳಿದ ವಾರಗಳೆಲ್ಲ ಲೆಟರ್‌ಹೆಡ್ ಮೇಲೆ ನಡೆಯುತ್ತವೆ. ವಾರದ ಕೊನೆ ಮತ್ತು ಸೋಮವಾರ ಕ್ಷೇತ್ರದಲ್ಲಿ: ಮದುವೆ, ತಿಥಿ, ಗುದ್ದಲಿ ಪೂಜೆ, ಮನೆ ಬಾಗಿಲಲ್ಲಿ ಅರ್ಜಿ. ವಾರದ ನಡುವೆ ಬೆಂಗಳೂರು. ಸಂಪುಟ ಸಭೆ ಸಾಮಾನ್ಯವಾಗಿ ಗುರುವಾರ, ಆದ್ದರಿಂದ ಆ ದಿನ ಸಚಿವರು ಬೆಂಗಳೂರಲ್ಲೇ ಇರುತ್ತಾರೆ. ಅದು ಎಲ್ಲ ಶಾಸಕರಿಗೂ ಗೊತ್ತಿರುವುದರಿಂದ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕಾಗದ ಹಿಡಿದವರ ಸಾಲೇ ಇರುತ್ತದೆ. ಅಲ್ಲಿ ನಿಂತು ಕೊಟ್ಟ ಕಾಗದ ಯಾರ ಜೇಬಿಗೆ ಹೋಯಿತು ಅಂತ ಆಮೇಲೆ ಹುಡುಕುವುದು ಇನ್ನೊಂದು ಕೆಲಸ. ಹಿಂದಿನ ದಿನವೇ ಸಚಿವರ ಕಚೇರಿಗೆ ಹೋಗಿ ಟಪಾಲು ಸಂಖ್ಯೆ ಹಾಕಿಸಿಕೊಂಡು, ಗುರುವಾರ ಬಾಯಿಮಾತಲ್ಲಿ ನೆನಪಿಸುವುದು ಮೇಲು.

ಸಚಿವರು ಪತ್ರದ ಮೂಲೆಯಲ್ಲಿ ಏನು ಬರೆದರು ಅನ್ನುವುದನ್ನು ಅಲ್ಲೇ ನಿಂತು ಓದಬೇಕು. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ವಹಿಸಿ’ ಅಂತಿದ್ದರೆ ಆ ಕಾಗದ ಕೆಳಗಿಳಿಯುತ್ತಾ ಹೋಗಿ ಶಾಖೆಯಲ್ಲಿ ಹಿಂಬರಹ ಪಡೆದು ಮುಗಿಯಬಹುದು, ಸಚಿವರ ಮೇಜಿಗೆ ವಾಪಸ್ ಬರಲೇಬೇಕು ಅಂತೇನಿಲ್ಲ. ‘ಕಡತ ಮಂಡಿಸಿ’ ಅಂತಿದ್ದರೆ ಯಾರಾದರೊಬ್ಬರು ಕಡತ ತೆರೆದು ಮೇಲಕ್ಕೆ ಕಳಿಸಲೇಬೇಕು. ಎರಡನೆಯದನ್ನು ಬರೆಸಿಕೊಳ್ಳುವುದು ಸಾಹೇಬರ ಕೆಲಸ. ಪಿಎ ಹೇಳಿದರೆ ಸಚಿವರು ಬರೆಯುವುದಿಲ್ಲ.

ಅಲ್ಲಿಂದ ಕಾಗದ ಪ್ರಧಾನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ, ಶಾಖಾಧಿಕಾರಿ ದಾಟಿ ಕೇಸ್ ವರ್ಕರ್ ಹತ್ತಿರ ಬರುತ್ತದೆ. ಅವರು ಇ-ಆಫೀಸ್‌ನಲ್ಲಿ ಕಡತ ಸೃಷ್ಟಿಸಿದ ಮೇಲೆ ಹುಟ್ಟುವ ಸಂಖ್ಯೆಯೇ ನಿಜವಾದ ಗಳಿಕೆ. ‘ನಮ್ಮ ಸಾಹೇಬರ ಪತ್ರ ಏನಾಯ್ತು ಮೇಡಂ’ ಅಂತ ಕೇಳಿದರೆ ಯಾರೂ ಹುಡುಕುವುದಿಲ್ಲ, ಕಡತ ಸಂಖ್ಯೆ ಹೇಳಿದರೆ ಯಾರ ಲಾಗಿನ್‌ನಲ್ಲಿ ಎಷ್ಟು ದಿನದಿಂದ ಕೂತಿದೆ ಅಂತ ಒಂದು ನಿಮಿಷದಲ್ಲಿ ಹೇಳುತ್ತಾರೆ. ಕಾಮಗಾರಿ ಕಡತವಾದರೆ ಮುಖ್ಯ ಇಂಜಿನಿಯರ್ ವರದಿಗೆ ಹೋಗುತ್ತದೆ, ಅಲ್ಲಿಂದ ಅಧೀಕ್ಷಕ ಇಂಜಿನಿಯರ್, ಕಾರ್ಯಪಾಲಕ ಇಂಜಿನಿಯರ್, ಎಇಇ ಅಂತ ಇಳಿದು ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಮಧ್ಯೆ ಎಲ್ಲೋ ಒಂದು ಕಡೆ ಅಂದಾಜು ಪಟ್ಟಿ ಹಳೆಯ ಎಸ್‌ಆರ್ (ಇಲಾಖೆಯ ದರಪಟ್ಟಿ) ದರದಲ್ಲಿದೆ ಅಂತ ವಾಪಸ್ ಬೀಳುತ್ತದೆ. ಕೊನೆಗೆ ಆರ್ಥಿಕ ಇಲಾಖೆ ಕೇಳುವ ಪ್ರಶ್ನೆ ಒಂದೇ: ಯಾವ ಲೆಕ್ಕ ಶೀರ್ಷಿಕೆಯಿಂದ ಭರಿಸುತ್ತೀರಿ? ರಸ್ತೆ, ಸೇತುವೆಯ ಬಂಡವಾಳ ವೆಚ್ಚ 5054ರಲ್ಲಿ, ನಿರ್ವಹಣೆ 3054ರಲ್ಲಿ. ಅಪೆಂಡಿಕ್ಸ್-ಇಗೆ (ಬಜೆಟ್ ಜೊತೆ ಬರುವ ಕಾಮಗಾರಿಗಳ ಪಟ್ಟಿ) ಸೇರಿಸಿ ಅಂತ ಬಜೆಟ್ ಮಂಡನೆ ಆದ ಮೇಲೆ ಓಡಾಡುವುದಕ್ಕಿಂತ ಬಜೆಟ್‌ಗೆ ಮುಂಚೆ ಇಲಾಖೆಗಳು ಪಟ್ಟಿ ಕಟ್ಟುವಾಗ ಹೋಗುವುದು ಜಾಣತನ. ಇದನ್ನು ಎಷ್ಟು ಸಲ ಹೇಳಿದರೂ ಮಾರ್ಚ್‌ನಲ್ಲೇ ಎಲ್ಲರಿಗೂ ನೆನಪಾಗುವುದು.

ಇನ್ನು ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ವರ್ಷಕ್ಕೆ 2 ಕೋಟಿ ರೂಪಾಯಿ, ಅದೂ ಕಂತಿನಲ್ಲಿ, ಹಣ ಇರುವುದು ಜಿಲ್ಲಾಧಿಕಾರಿಗಳ ಹತ್ತಿರ. ಹೊರಗಿನವರು ಶಾಸಕರ ಕೈಲಿ ಚೆಕ್ ಪುಸ್ತಕ ಇದೆ ಅಂದುಕೊಂಡಿರುತ್ತಾರೆ. ಶಾಸಕರು ಮಾಡುವುದು ಶಿಫಾರಸು ಮಾತ್ರ. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ಅನುಷ್ಠಾನ ಏಜೆನ್ಸಿ, ಕೆಲಸ ಮುಗಿದ ಮೇಲೆ ಜಿಪಿಎಸ್ ಫೋಟೊ ಮತ್ತು ಹಣ ಬಳಕೆ ಪ್ರಮಾಣಪತ್ರ (ಯುಸಿ), ಇವೆಲ್ಲ ಬೇರೆಯವರ ಕೈಲಿ. ಹಿಂದಿನ ಕಾಮಗಾರಿಗಳ ಯುಸಿ ಬಾಕಿ ಇದ್ದರೆ ಮುಂದಿನ ಕಂತಿಗೆ ತಡೆ ಬೀಳುತ್ತದೆ. ಆದ್ದರಿಂದ ಹೊಸ ಶಿಫಾರಸು ಬರೆಯುವ ಮುಂಚೆ ಹಳೆಯದರ ಪಟ್ಟಿ ಬಿಚ್ಚಿ, ಕೆಲಸ ಮಾಡಿಸುವ ಏಜೆನ್ಸಿಗಳಾದ ನಿರ್ಮಿತಿ ಕೇಂದ್ರವೋ ಕೆಆರ್‌ಐಡಿಎಲ್ಲೋ ಯಾರ ಹತ್ತಿರ ಎಷ್ಟು ಬಾಕಿ ಇದೆ ಅಂತ ನೋಡಬೇಕು.

ಎಲ್ಲ ಊರಿಗೂ ಸ್ವಲ್ಪ ಸ್ವಲ್ಪ ಅಂತ ಹಂಚುವ ಆಸೆ ಇಲ್ಲಿ ದೊಡ್ಡ ರೋಗ. 5 ಲಕ್ಷದ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಅಂದರೆ ಶೇ 18ರ ಜಿಎಸ್‌ಟಿ ಸೇರಿಯೇ 5 ಲಕ್ಷ, ತೆರಿಗೆ ಬಿಟ್ಟರೆ ಸುಮಾರು 4.24 ಲಕ್ಷದ ಕೆಲಸ. ಅದರಲ್ಲಿ ಶೇ 1 ಕಾರ್ಮಿಕ ಸೆಸ್, ಗುತ್ತಿಗೆದಾರರ ಲಾಭ ಎಲ್ಲ ಹೋಗಬೇಕು. ಅದನ್ನೂ ಎರಡು ಬೀದಿಗೆ ಹಂಚಿ ಎರಡೂವರೆ ಎರಡೂವರೆ ಮಾಡಿದರೆ ಎರಡು ಬೀದಿಯಲ್ಲೂ ಅರ್ಧಕ್ಕೆ ನಿಂತ ಕಾಂಕ್ರೀಟು. ನಿಂತ ಜಾಗದಿಂದ ಮುಂದಿರುವ ಮನೆಯವರು ಮುಂದಿನ ಐದು ವರ್ಷ ಅದನ್ನೇ ಹೇಳುತ್ತಾರೆ. ಚರಂಡಿ ಇಲ್ಲದ ಬೀದಿಗೆ ಸಿಸಿ ಹಾಕಿದರಂತೂ ಮೊದಲ ಮಳೆಗೆ ನೀರು ಮನೆಯೊಳಗೆ.

ರಾತ್ರಿ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಆಸ್ಪತ್ರೆಯವು. ‘ಅಣ್ಣಾ, ಸಾಹೇಬರಿಂದ ಡಾಕ್ಟರಿಗೆ ಒಂದು ಫೋನ್ ಮಾಡಿಸಿ’ ಅಂತ ಶುರುವಾಗುತ್ತದೆ. ಫೋನ್ ಮಾಡಿಸುವ ಮುಂಚೆ ಕೇಳಬೇಕಾದದ್ದು: ಬಿಪಿಎಲ್ ಕಾರ್ಡ್ ಇದೆಯೇ, ಆ ಆಸ್ಪತ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೋಂದಾಯಿತ ಪಟ್ಟಿಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಇದೆಯೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಯೋಜನೆ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ನಿಗದಿಯಾದ ದರ) ಶೇ 30, ಅದಕ್ಕೂ ಒಂದೂವರೆ ಲಕ್ಷದ ಮಿತಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ, ಆದರೆ ಇದನ್ನು ಆಸ್ಪತ್ರೆಯ ಕೌಂಟರ್‌ನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಯೋಜನೆಯ ಸಹಾಯಕ್ಕೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ ಅಂತ ಕೇಳಿ ನೇರ ಅವರ ಹತ್ತಿರ ಕಳಿಸಬೇಕು. ದುಡ್ಡು ಕಟ್ಟಿ ಡಿಸ್ಚಾರ್ಜ್ ಆದ ಮೇಲೆ ಬಂದರೆ ಯೋಜನೆಯಲ್ಲಿ ಮಾಡುವುದು ಏನೂ ಉಳಿದಿರುವುದಿಲ್ಲ. ಉಳಿಯುವುದು ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿ. ಅದಕ್ಕೆ ಮೂಲ ಬಿಲ್ಲು ಬೇಕು, ಆ ಹೊತ್ತಿಗೆ ಅದು ಸಿಕ್ಕಿದರೆ ಪುಣ್ಯ. ಕಚೇರಿಗೆ ಬಂದವರಿಗೆಲ್ಲ ಹೇಳಿಕೊಡಬೇಕಾದ ಒಂದೇ ವಿಷಯ ಆರಿಸಿ ಅಂದರೆ ಇದು: ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ.

ವರ್ಗಾವಣೆ ಪತ್ರಗಳ ಬಗ್ಗೆ ಜಾಸ್ತಿ ಹೇಳದಿರುವುದೇ ಒಳ್ಳೆಯದು. ಶಿಕ್ಷಕರ ವರ್ಗಾವಣೆ ಕಾಯ್ದೆಯಡಿ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ, ಅಲ್ಲಿ ಲೆಟರ್‌ಹೆಡ್‌ಗೆ ಕೆಲಸವಿಲ್ಲ ಅಂದರೆ ‘ಪಕ್ಕದ ಕ್ಷೇತ್ರದವರು ಕೊಟ್ಟರಲ್ಲ’ ಅನ್ನುತ್ತಾರೆ.

ಇಷ್ಟರ ನಡುವೆ ಮೂರು ತಿಂಗಳಿಗೊಮ್ಮೆ ತಾಲ್ಲೂಕು ಕೆಡಿಪಿ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ. ಶಾಸಕರೇ ಅಧ್ಯಕ್ಷರು, ಎಲ್ಲ ಇಲಾಖೆಯವರೂ ಒಂದೇ ಸಭಾಂಗಣದಲ್ಲಿ. ನಿಜ ಹೇಳಬೇಕೆಂದರೆ ಮೇಲಿನ ರಸ್ತೆಯ ಗೊಂದಲ ಬಗೆಹರಿಯಬೇಕಿದ್ದದ್ದು ಸದನದಲ್ಲಲ್ಲ, ಇಲ್ಲಿ. ಲೋಕೋಪಯೋಗಿ ಎಇಇಯೂ ಪಂಚಾಯತ್ ರಾಜ್ ಎಇಇಯೂ ಎದುರುಬದುರು ಕೂತಿರುವಾಗ ರಸ್ತೆ ಯಾರದ್ದು ಅಂತ ಕೇಳಿದರೆ ಎರಡು ನಿಮಿಷದ ವಿಷಯ. ಆದರೆ ಸಭೆಯ ಮೊದಲ ಒಂದು ಗಂಟೆ ಹಾರ, ಶಾಲು, ಗೈರುಹಾಜರಾದವರಿಗೆ ಬೈಗುಳ, ಪ್ರಗತಿ ವರದಿಯ ಪುಸ್ತಕ ಓದುವುದು. ಊಟದ ಹೊತ್ತಿಗೆ ಇನ್ನೂ ಕೃಷಿ, ತೋಟಗಾರಿಕೆ ಮುಗಿದಿರುವುದಿಲ್ಲ. ಹಿಂದಿನ ಸಭೆಯ ಅನುಪಾಲನಾ ವರದಿಯನ್ನು ಮೊದಲ ವಿಷಯವಾಗಿ ಇಡಿಸಿ, ಬಾಕಿ ಇರುವ ಅಂಶಗಳನ್ನಷ್ಟೇ ಒಂದು ಹಾಳೆಯಲ್ಲಿ ಟೈಪ್ ಮಾಡಿ ಸಾಹೇಬರ ಮುಂದೆ ಇಟ್ಟರೆ ಸಭೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನಡಾವಳಿ ಬಂದ ದಿನವೇ ಓದಿ, ‘ಕ್ರಮ ವಹಿಸಲು ಸೂಚಿಸಲಾಯಿತು’ ಅಂತಿರುವ ಕಡೆಯೆಲ್ಲ ಅಧಿಕಾರಿಯ ಪದನಾಮ ಮತ್ತು ದಿನಾಂಕ ಸೇರಿಸಿ ತಿದ್ದುಪಡಿಗೆ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ವಾಪಸ್ ಕಳಿಸಬೇಕು. ಸಹಿ ಆದ ಮೇಲೆ ಕಳಿಸಿದರೆ ಮುಂದಿನ ಸಭೆಯಲ್ಲಿ ನೋಡೋಣ ಅನ್ನುತ್ತಾರೆ, ಅಂದರೆ ಇನ್ನು ಮೂರು ತಿಂಗಳು.